ಗೈಡಿನಲ್ಲಿಲ್ಲದ ವಾಕ್ಯ

ಒಂದು ಊರು. ಆ ಊರಿಗೆಲ್ಲ ಅಕ್ಕಿ ಗಿರಣಿ ಇದ್ದ ಶ್ರೀಮಂತ ಒಬ್ಬನೇ. ಅವನ ಹೆಂಡತಿ ಬೆಳಿಗ್ಗೆ ಕಾವಲಿಗೆ ಎಣ್ಣೆ ಸವರಿ ಮೊದಲ ದೋಸೆ ಹುಯ್ದಿದ್ದಳು, ಅಷ್ಟೇ. ಜಗಲಿಯಿಂದ ಫಟ್ಟನೆ ಒಂದು ಸದ್ದು ಬಂತು. ಸೌಟನ್ನು ಅಲ್ಲೇ ಬಿಟ್ಟು ಓಡಿದಳು. ನೋಡಿ, ಮಗುವಿನ ಮೈಮೇಲೆ ಬಿದ್ದ ಪೆಟ್ಟಿನ ಸದ್ದಿನ ಗುರುತನ್ನು ತಾಯಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ. ದಿನಾ ಬೆಳಿಗ್ಗೆ ನಾಲ್ಕು ಜನ ದೊಡ್ಡವರು ಕಾಫಿಗೆಂದು ಜಗಲಿಯಲ್ಲಿ ಸೇರುತ್ತಿದ್ದರು. ಎಂಟು ವರ್ಷದ ಮಗಳು ಅವರ ಮುಂದೆ ಕೈಕಟ್ಟಿ ನಿಂತು ಪಾಠ ಒಪ್ಪಿಸಬೇಕು. ಮನೆಪಾಠದ ಮೇಷ್ಟ್ರು ಸ್ಕೇಲು ಹಿಡಿದು ಪಕ್ಕದಲ್ಲೇ ಕೂತಿರುತ್ತಿದ್ದರು. "ಉ, ಅನ್ನು, ಇಂದ, ಗೆ..." ಎಂದು ಮಗು ವಿಭಕ್ತಿ ಪ್ರತ್ಯಯಗಳನ್ನು ಒಂದೇ ಉಸಿರಿಗೆ ಹೇಳಿದರೆ ದೊಡ್ಡವರು ಭೇಷ್ ಎನ್ನುತ್ತಿದ್ದರು. ಮಗುವಿಗೆ ಅರ್ಥವಾಯಿತೇ ಎಂದು ಕೇಳಿದವರುಂಟೇ? ಒಬ್ಬರಿಲ್ಲ.

ಆ ದಿನದ ಪಾಠ ಕ್ರಿಯಾವಿಶೇಷಣ. ಕೆಲಸ ಹೇಗೆ ನಡೆಯಿತು ಎಂದು ಹೇಳುವ ಮಾತುಗಳು: ಬೇಗನೆ, ಮೆಲ್ಲಗೆ, ಜೋರಾಗಿ. ಒಂದೊಂದಕ್ಕೂ ಒಂದು ವಾಕ್ಯ ಮಾಡಬೇಕು. ಗೈಡಿನಲ್ಲಿ 'ಮಳೆ ಜೋರಾಗಿ ಸುರಿಯಿತು' ಎಂದಿತ್ತು. ಮಗು, ಪಾಪ, ತಾನೇ ಯೋಚಿಸಿ ಹೇಳಿತು: "ನಮ್ಮಪ್ಪ ಜೋರಾಗಿ ಬೈಯುತ್ತಾರೆ."

ಕಾಫಿ ಕುಡಿಯುತ್ತಿದ್ದ ಒಬ್ಬರಿಗೆ ನಗು ತಡೆಯದೆ ಕಾಫಿ ನೆತ್ತಿಗೆ ಹತ್ತಿತು. ಮೇಷ್ಟ್ರು ಸ್ಕೇಲು ಬೀಸಿದರು. "ಗೈಡಲ್ಲಿ ಹಂಗಿದೆಯೇನಮ್ಮಾ? ತಪ್ಪು! ತಪ್ಪು!"

"ಯಾವನೇ ಹೇಳ್ದೋನು, ನಾನು ಜೋರಾಗಿ ಬೈತೀನಿ ಅಂತ?" ಶ್ರೀಮಂತ ಕೂಗಿದ ಕೂಗಿಗೆ ಎದುರುಮನೆಯ ಎಮ್ಮೆ ಹಗ್ಗ ಜಗ್ಗಿತು.

ನಗಬೇಡಿ, ಸಭಿಕರೇ. ನಿಮ್ಮ ಎದುರುಮನೆಯ ಎಮ್ಮೆಯನ್ನೂ ಒಂದು ಮಾತು ಕೇಳಿ ನೋಡೋಣವೇ?

ಮಗು ಏನೋ ಕೇಳಲು ಬಾಯಿ ತೆರೆಯಿತು. ಆಗ ಓಡಿ ಬಂದ ತಾಯಿ ಮಾಡಿದ್ದೇನು? ಮಗಳ ಬಾಯಿಗೆ ತನ್ನ ಕೈ ಅಡ್ಡ ಇಟ್ಟಳು. "ಸುಮ್ನಿರಮ್ಮ," ಎಂದಳು.

ಮಗು ಸುಮ್ಮನಾಯಿತು. ಎಂಟು ದಿನ ಸುಮ್ಮನೇ ಇತ್ತು. ಗೈಡಿನ ವಾಕ್ಯವನ್ನು ಒಪ್ಪಿಸಿತು, ಶಾಲೆಗೆ ಹೋಯಿತು, ಬಂತು. ಆಕಾಶ ಯಾಕೆ ನೀಲಿ, ಇರುವೆ ಎಲ್ಲಿ ಮಲಗುತ್ತೆ ಎಂದು ತಲೆ ತಿನ್ನುತ್ತಿದ್ದ ಹುಡುಗಿ ಇನ್ನೊಂದು ದೋಸೆ ಬೇಕು ಎಂದು ಕೂಡ ಕೇಳಲಿಲ್ಲ. ಈ ಮಗು ಇನ್ನು ಏನಾದರೂ ಕೇಳುತ್ತದೋ ಇಲ್ಲವೋ ಎಂದು ತಾಯಿ ದಿನವೂ ಅವಳ ಬಾಯನ್ನೇ ನೋಡುತ್ತಿದ್ದಳು.

ಒಂಬತ್ತನೆಯ ದಿನ ಮಗಳನ್ನು ಅಡುಗೆಮನೆಗೆ ಕರೆದಳು. ಕೈಗೆ ಲೋಟ ಕೊಟ್ಟು, "ಅಜ್ಜಿ ಕಾಫಿ ಕೊಡು," ಎಂದಳು.

ಮಗು ಸಣ್ಣಗೆ ತಿದ್ದಿತು. "ಅಜ್ಜಿಗೆ."

"ಹೂಂ ಮತ್ತೆ! ಆ 'ಗೆ' ಬಿಟ್ರೆ ಪಾಪ ಅಜ್ಜೀನೇ ಎದ್ದು ಕಾಯಿಸ್ಬೇಕಾಗುತ್ತೆ."

"ಕಾಯಿಸ್ತೀನಿ ಬಿಡೇ," ಎಂದಳು ಮೂಲೆಯಲ್ಲಿದ್ದ ಅಜ್ಜಿ. "ನಿನ್ನ ಕಾಫಿಗಿಂತ ಚೆನ್ನಾಗೇ ಇರುತ್ತೆ."

ಮಗು ನಕ್ಕಿತು. ತಾಯಿ ಮಗಳ ಕೈಯಲ್ಲಿ ಚೊಂಬಿನ ನೀರನ್ನು ನಿಧಾನವಾಗಿ ಹುಯ್ಯಿಸಿದಳು, ರಭಸವಾಗಿ ಹುಯ್ಯಿಸಿದಳು. ನೆಲವೆಲ್ಲ ಒದ್ದೆ. 'ಹೇಗೆ ಹುಯ್ದೆ?' ಎಂದರೆ ಉತ್ತರ ತಾನೇ ನಾಲಿಗೆಗೆ ಬರುತ್ತಿತ್ತು. ಮೂರು ತಿಂಗಳ ಒಪ್ಪಿಸುವಿಕೆಯಲ್ಲಿ ಆಗದ್ದು ಒಂದು ಚೊಂಬು ನೀರಿನಲ್ಲಿ ಆಯಿತು. ಆದರೆ ಮಗು ಜಗಲಿಯ ಕಡೆ ನೋಡಿ ಮತ್ತೆ ಮುಖ ಬಾಡಿಸಿತು.

"ಏನೋ ಕೇಳ್ಬೇಕು ಅಂತಿದ್ದೀಯ. ಕೇಳು ಕಂದ."

"ಬೇಡ. ನೀನೇ ಬಾಯಿ ಮುಚ್ತೀಯ."

ಆ ಮಾತು ತಾಯಿಯ ಎದೆಗೆ ನಾಟಿತು. ಸ್ಕೇಲಿನ ಪೆಟ್ಟು ಅಂದೇ ಮಾಸಿತ್ತು. ಅವಳ ಕೈ ಇನ್ನೂ ಆ ಬಾಯಿಯ ಮೇಲೇ ಇತ್ತು. ಸೆರಗು ಸಿಕ್ಕಿಸಿ, ಮಗಳ ಕೈ ಹಿಡಿದು ಜಗಲಿಗೆ ನಡೆದಳು. ನಾಲ್ಕೂ ಜನ ಅಲ್ಲೇ ಇದ್ದರು.

"ರೀ, ಇವತ್ತು ಇವಳು ಒಪ್ಸಲ್ಲ. ಇವಳು ಕೇಳ್ತಾಳೆ, ನೀವು ಉತ್ತರ ಹೇಳಿ."

"ಜನ ಇದಾರೆ ಕಣೇ!"

"ಇರ್ಲಿ. ಅವತ್ತೂ ಇದ್ರಲ್ಲ."

ಅವಳು ಏನು ಕೇಳಿದಳು ಎಂದು ತಿಳಿಯಬೇಕೇ? ತಡೆಯಿರಿ. ಮೊದಲು ನಿಮ್ಮನ್ನು ಕೇಳಬೇಕು. ಆ ಶ್ರೀಮಂತ ಯಾರು? ಆ ಮೇಷ್ಟ್ರು ಯಾರು? ನೀವೇ. ಹೌದು, ಮುಂದಿನ ಸಾಲಿನಲ್ಲಿ ಕೂತು ತಲೆ ಆಡಿಸುತ್ತಿರುವ ನೀವೇ! ನೆಂಟರು ಬಂದರೆ ಮಗುವನ್ನು ಎಳೆದು ತಂದು ನಿಲ್ಲಿಸಿ 'ಹೇಳು, ಹೇಳು' ಎನ್ನುತ್ತೀರಿ. ಅದೇನು ಗಿಳಿಯೇ? ಮಗು ತಾನೇ ಕಟ್ಟಿದ ವಾಕ್ಯಕ್ಕೆ ಹೊಡೆದು, ಊರವರ ವಾಕ್ಯಕ್ಕೆ ಚಪ್ಪಾಳೆ ತಟ್ಟುತ್ತೀರಿ. ನಾಚಿಕೆಯಾಗಬೇಡವೇ? ನಾಳೆಯಿಂದ ಆ ಗೈಡನ್ನು ಅಟ್ಟಕ್ಕೆ ಎಸೆಯಿರಿ. ಮಗುವನ್ನು ಕೆಲಸಕ್ಕೆ ಜೊತೆ ಮಾಡಿಕೊಳ್ಳಿ. ಬುಟ್ಟಿಯಿಂದ ತೆಗೆಯಲಿ, ಬುಟ್ಟಿಗೆ ಹಾಕಲಿ, ಬುಟ್ಟಿಯಲ್ಲಿ ಹುಡುಕಲಿ. ಭಾಷೆ ಅಲ್ಲಿದೆ. ಶಾಲೆಯಿಂದ ಬಂದ ಮಗುವಿಗೆ 'ಏನು ಒಪ್ಪಿಸಿದೆ' ಎನ್ನಬೇಡಿ, 'ಏನು ಕೇಳಿದೆ' ಎನ್ನಿ. ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಪ್ರಾಣ ಹೋಗುವುದಿಲ್ಲ. ತಾಯಂದಿರೇ, ಗಂಡನ ಮರ್ಯಾದೆ ಉಳಿಸಲು ಮಗುವಿನ ಬಾಯಿ ಮುಚ್ಚಬೇಡಿ. ಆ ಕೈ ತೆಗೆಯಿರಿ. ಮೊದಲು ಆ ಕೈ ತೆಗೆಯಿರಿ!

ಆ ತಾಯಿ ತೆಗೆದಳು. ಮಗು ಅಪ್ಪನ ಮುಖವನ್ನೇ ನೋಡಿ, ಇಡೀ ಜಗಲಿಗೆ ಕೇಳುವ ಹಾಗೆ ಕೇಳಿತು:

"ಅಪ್ಪಾ, ನಾನು ಹೇಳಿದ್ದು ತಪ್ಪು ಅಂದ್ರಲ್ಲ ಮೇಷ್ಟ್ರು, ನೀವು ಜೋರಾಗಿ ಬೈಯೋದು ಸುಳ್ಳಾ?"