ಸೆರಗಿಗೆ ಚುಚ್ಚಿದ ಬ್ರೋಚ್

ಮೆಲ್ಬರ್ನಿನ ಕ್ಲೈಡ್ ನಾರ್ತ್ ಬಡಾವಣೆ. ಯುಗಾದಿ ಕಾರ್ಯಕ್ರಮ ಮುಗಿಸಿಕೊಂಡು ನನ್ನ ಚಿಕ್ಕಮ್ಮನ ಮಗಳು ಕೃಪಾ ಗಂಡನ ಜೊತೆ ನಡೆದು ಬರುತ್ತಿದ್ದಳು. ರಾತ್ರಿ. ಮಳೆ ಆಗಷ್ಟೇ ನಿಂತಿತ್ತು. ದಾರಿ ಒಂದು ಹೊಂಡದ ಪಕ್ಕ ಹಾಯುತ್ತದೆ. ಬಿಲ್ಡರ್ ಅದನ್ನು ಲೇಕ್ ಅಂತ ಕರೆದು ಸೈಟು ಮಾರಿದ್ದ.

ದೆವ್ವವನ್ನು ನಾನು ನಂಬುವುದಿಲ್ಲ. ಆದರೂ ಹೇಳುತ್ತೇನೆ.

ಕೃಪಾ ರೇಷ್ಮೆ ಸೆರಗಿಗೆ ಹಳೆಯ ಕಂಚಿನ ಬ್ರೋಚ್, ಅಂದರೆ ಅಲಂಕಾರದ ಪಿನ್ನು, ಚುಚ್ಚಿಕೊಂಡಿದ್ದಳು. ಮನೆ ಕೊಳ್ಳುವ ಡೆಪಾಸಿಟ್‌ಗೆ ಅವಳ ತಾಯಿಯ ಕಾಸಿನ ಸರವನ್ನು ಗಂಡ ಪ್ರಮೋದ್ ಹೇಳದೆ ಮಾರಿದ್ದ. ಅವಳಿಗೆ ಗೊತ್ತಾದ ಮೇಲೆ ಸಮಾಧಾನಕ್ಕೆ ಇಂಗ್ಲೆಂಡಿನಿಂದ ಇದನ್ನು ತಂದ. "ಆಂಗ್ಲೋ-ಸ್ಯಾಕ್ಸನ್ ಕಾಲದ್ದು ಕಣೇ, ಸಾವಿರದೈನೂರು ವರ್ಷ ಹಳೇದು, ಚಿನ್ನ ಏನು ಮಹಾ!" ಯಾರೋ ಹೆಂಗಸಿನ ಗೋರಿಯಲ್ಲಿ ಸಿಕ್ಕಿದ್ದಂತೆ. ಆ ಕಾಲದ ಹೆಂಗಸರು ಉಡುಪನ್ನು ಎರಡೂ ಭುಜದ ಮೇಲೆ ಇಂಥ ಬ್ರೋಚಿನಿಂದ ಸಿಕ್ಕಿಸಿಕೊಳ್ಳುತ್ತಿದ್ದರು. ಇವನಿಗೆ ಸಿಕ್ಕಿದ್ದು ಜೋಡಿಯಲ್ಲಿ ಒಂದೇ.

ಹಿಂದೆ ಸಪ್ಪಳ. ಚಪ್... ಚಪ್... ಒದ್ದೆ ಸಿಮೆಂಟಿನ ಮೇಲೆ ಬರಿಗಾಲು. ಮಣಿಗೆ ಮಣಿ ತಾಗುವ ಕಿಟಿಕಿಟಿ.

"ರೀ... ಯಾರೋ ಬರ್ತಿದ್ದಾರೆ."

"ವಾಕಿಂಗ್ ಮಾಡೋರು. ಬೇಗ ನಡಿ, ನಂಗೆ ಬೆಳಿಗ್ಗೆ ಮೀಟಿಂಗ್ ಇದೆ." ಫೋನ್ ನೋಡುತ್ತಾ ಮುಂದೆ ಹೋದ.

ಕೃಪಾ ತಿರುಗಿದಳು. ಒಬ್ಬ ಹೆಂಗಸು. ಒರಟು ಉಣ್ಣೆಯ ಉದ್ದನೆ ಉಡುಪು. ಬಲ ಭುಜದ ಮೇಲೆ ಅಂಥದೇ ಬ್ರೋಚ್. ಮಣಿಸರದ ಒಂದು ತುದಿ ಅದಕ್ಕೆ ಕಟ್ಟಿತ್ತು, ಇನ್ನೊಂದು ಜೋತಾಡುತ್ತಿತ್ತು. ಎಡ ಭುಜದಿಂದ ಜಾರಿದ ಬಟ್ಟೆಯನ್ನು ಮುಷ್ಟಿಯಲ್ಲಿ ಎದೆಗೊತ್ತಿ ಹಿಡಿದಿದ್ದಳು. ಇನ್ನೊಂದು ಕೈ ಚಾಚಿದ್ದಳು.

ಕೃಪಾ ಪಿನ್ ಬಿಚ್ಚಿದಳು. ಟಕ್. ಕೊಟ್ಟಳು. ಆ ಅಂಗೈ ತಣ್ಣಗಿರಲಿಲ್ಲವಂತೆ... ಬೆಚ್ಚಗಿತ್ತಂತೆ.

ಮನೆ ಬಾಗಿಲಲ್ಲಿ ಪ್ರಮೋದ್ ನೋಡಿದ. "ಬ್ರೋಚ್ ಎಲ್ಲಿ?"

"ಕೊಟ್ಟೆ."

"ಯಾರಿಗೆ?"

"ಅದು ಯಾರದ್ದೋ ಅವರಿಗೆ."

"ತಲೆ ಕೆಟ್ಟಿದ್ಯಾ? ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ?"

ಕೃಪಾ ಚಪ್ಪಲಿ ಬಿಟ್ಟಳು. "ನಮ್ಮಮ್ಮನ ಸರ ಮಾರೋವಾಗ ನೀವು ನನ್ನ ಕೇಳಿದ್ರಾ?"

ಅವನು ಟಾರ್ಚ್ ತೆಗೆದುಕೊಂಡು ಬ್ರೋಚ್ ಹುಡುಕಲು ಹೋದ. ವಾಪಸ್ ಬರುವಷ್ಟರಲ್ಲಿ ಇವಳ ಸೂಟ್‌ಕೇಸ್ ತುಂಬಿ ಬಾಗಿಲ ಬಳಿ ನಿಂತಿತ್ತು.

ಈಗ ಕೃಪಾ ಒಬ್ಬಳೇ ಸಿಡ್ನಿಯಲ್ಲಿ, ಗಿರಾವೀನಿನ ನಮ್ಮ ಬೀದಿಯಲ್ಲೇ ರೆಂಟಿಗಿದ್ದಾಳೆ. ಮೊನ್ನೆ ಪಕ್ಕದ ಮನೆಯ ಗೃಹಪ್ರವೇಶಕ್ಕೆ ಅದೇ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಹಿತ್ತಲಲ್ಲಿ ಊಟ, ವಿಪರೀತ ಗಾಳಿ. ಉಳಿದ ಹೆಂಗಸರೆಲ್ಲ ಸೆರಗು ಹಿಡಿದು ಹಿಡಿದು ಸುಸ್ತಾಗಿದ್ದರು. ಇವಳು ಎರಡೂ ಕೈಯಲ್ಲಿ ಪಾತ್ರೆ ಹಿಡಿದು, ಬಗ್ಗಿ ಬಗ್ಗಿ ಕೋಸಂಬರಿ ಬಡಿಸುತ್ತಿದ್ದಳು. ಭುಜದ ಮೇಲೆ ಯಾರೋ ಅಂಗೈ ಇಟ್ಟು ಹಿಡಿದಂತೆ ಸೆರಗು ಒಂದಿಷ್ಟೂ ಜಾರಲಿಲ್ಲ.

ಪಿನ್ ಇರಲಿಲ್ಲ. ನಾನೇ ಹತ್ತಿರ ಹೋಗಿ ನೋಡಿದ್ದೇನೆ.