ಎದೆಯ ಚಿತ್ರಕ್ಕೆ ಕೈಮುಗಿದವಳು

ದೊಡ್ಡ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಒಬ್ಬ ಡಾಕ್ಟರಮ್ಮ ಇದ್ದಳು. ಶರ್ವಾಣಿ ಅಂತ ಹೆಸರು. ಓದು ಮುಗಿಸಿ ಎರಡೇ ವರ್ಷ ಆಗಿತ್ತು. ಅವಳ ಕೆಲಸ ಏನು? ಎಕ್ಸ್‌ರೇ, ಸ್ಕ್ಯಾನು ನೋಡಿ ಒಳಗೆ ಏನಿದೆ ಅಂತ ಬರೆದುಕೊಡೋದು. ಎಂಟು ತಾಲೂಕಿನ ಚಿತ್ರಗಳು ಅವಳ ಕಂಪ್ಯೂಟರಿಗೆ ಬಂದು ಬೀಳುತ್ತಿದ್ದವು. ದಿನಕ್ಕೆ ನೂರು ಎದೆ ನೋಡುತ್ತಿದ್ದಳು. ನೋಡಿ, ನೂರು ಎದೆ! ಮುಖ ಮಾತ್ರ ಒಂದೂ ಇಲ್ಲ.

ಇಂಥ ಎಕ್ಸ್‌ರೇ ಡಾಕ್ಟರುಗಳ ಸಂಘದವರು ಹೊಸಬರಿಗೆ ಅಂತ ಒಂದು ಫೆಲೋಶಿಪ್ ಇಟ್ಟರು. ಒಂದು ತಿಂಗಳದ್ದು. ಅದರಲ್ಲಿ ಹೊಸ ಯಂತ್ರ ಕಲಿಸೋದಿಲ್ಲ, ಚಿತ್ರ ಓದೋದೂ ಕಲಿಸೋದಿಲ್ಲ. ಬೇರೆ ಡಾಕ್ಟರ ಜೊತೆ, ರೋಗಿಗಳ ಜೊತೆ ಹೇಗಿರಬೇಕು, ಹೇಗೆ ಮಾತಾಡಬೇಕು ಅನ್ನೋದನ್ನ ಕಲಿಸ್ತಾರೆ. ಶರ್ವಾಣಿಗೆ ನಗು ಬಂತು. "ಮಾತಾಡೋದಕ್ಕೂ ಫೆಲೋಶಿಪ್ಪಾ?" ಅಂದಳು. ಆದರೂ ಅರ್ಜಿ ಹಾಕಿದಳು. ಯಾಕೆ? ಸರ್ಟಿಫಿಕೇಟು ಸಿಗುತ್ತದಲ್ಲ! ನಾವು ಎಷ್ಟು ಪುಣ್ಯಕಾರ್ಯ ಹೀಗೇ ಶುರುಮಾಡಿಲ್ಲ, ಹೇಳಿ?

ಅವಳನ್ನು ಕಳಿಸಿದ್ದು ಒಂದು ತಾಲೂಕು ಆಸ್ಪತ್ರೆಗೆ. ಅವಳ ವರದಿಗಳು ಹೋಗುತ್ತಿದ್ದ ಜಾಗಗಳಲ್ಲಿ ಅದೂ ಒಂದು. ಅಲ್ಲಿ ನದಾಫ್ ಅಂತ ತಲೆ ನರೆತ ಡಾಕ್ಟರು. ಮೊದಲ ದಿನವೇ ಅವರು ಹೇಳಿದರು, "ಇವತ್ತ ನೀವು ಹೊರಗ ಬೆಂಚಿನ ಮ್ಯಾಲೆ ಕೂಡ್ರಿ ಡಾಕ್ಟರೇ."

"ಎಷ್ಟು ಹೊತ್ತು ಸರ್?"

"ಯಾರರೆ ನಿಮ್ಮನ್ನ ಏನರೆ ಕೇಳೋತನಕ."

ಕೂತಳು. ಒಳಗೊಳಗೇ ಸಿಟ್ಟು. ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು, ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಫಕೀರವ್ವ. ಮಡಿಲಲ್ಲಿ ಒಂದು ಕೈಚೀಲ. ಆಕೆ ಶರ್ವಾಣಿಯನ್ನು ಮೇಲಿಂದ ಕೆಳಗೆ ನೋಡಿ, ಚೀಲದಿಂದ ಕಾಗದ ತೆಗೆದಳು.

"ಯವ್ವಾ, ನಿನಗ ಇಂಗ್ಲೀಷ್ ಓದಾಕ ಬರತೈತೇನು? ಇದರಾಗ ಏನ್ ಬರದಾರ, ಒಂದೀಟು ಹೇಳವಾ."

ಶರ್ವಾಣಿ ಬಿಡಿಸಿದಳು. ಮೂರೇ ಸಾಲು. ಬಲಗಡೆಯ ಶ್ವಾಸಕೋಶದಲ್ಲಿ ನೆರಳು. ಗಡ್ಡೆ ಇರಬಹುದು, ಹಳೆಯ ಗಾಯದ ಕಲೆಯೂ ಇರಬಹುದು. ರೋಗಿಯನ್ನು ವಿಚಾರಿಸಿ ತೀರ್ಮಾನಿಸುವುದು. ಕೆಳಗೆ ಸಹಿ. ಯಾರದು? ಅವಳದೇ!

ತಪ್ಪು ಬರೆದಿದ್ದಳಾ? ಇಲ್ಲ. ಒಂದಕ್ಷರ ತಪ್ಪಿರಲಿಲ್ಲ. ಅದನ್ನು ಚೆನ್ನಾಗಿ ಕೇಳಿಸಿಕೊಳ್ಳಿ, ಒಂದಕ್ಷರ ತಪ್ಪಿರಲಿಲ್ಲ.

"ಇದು ಬಂದು ನಾಲ್ಕು ತಿಂಗಳಾಯ್ತಲ್ಲ ಅಮ್ಮ. ಡಾಕ್ಟರ ಹತ್ತಿರ ಯಾಕೆ ಬರಲಿಲ್ಲ?"

"ಔಷಧ ಅಂಗಡ್ಯಾಗ ಒಬ್ಬಂವ ಓದಿದ. ಗಡ್ಡಿ ಅಂತ ಐತಿ ಅಂದ. ಮತ್ತ ಈ ಕಡೆ ಬರಾಕ ಧೈರ್ಯ ಆಗಲಿಲ್ಲ. ಮೊಮ್ಮಗಳಿಗೆ ಹತ್ತಿದ್ರ ಅಂತ ಅಂಜಿ ಕೂಸಿನ್ನ ಎತ್ತೂದ ಬಿಟ್ಟೆ. ಅದು ಈಗ ನಡಿಯಾಕ ಕಲತೈತಿ. ನನ್ನ ಕಡೆ ಬಂದ್ರ ಬಾಗಲಾ ಹಾಕ್ಕೊಂತೀನಿ." ಸೆರಗು ಬಾಯಿಗೆ ಒತ್ತಿಕೊಂಡಳು. "ಡಾಕ್ಟರ್ ಮೂರ್ ಸಲ ಹೇಳಿ ಕಳಿಸಿದ್ರು. ಹಳೇ ಕಾಗದಾನೂ ತಾ ಅಂದ್ರು. ಅದಕ್ಕ ಬಂದೆ."

ಶರ್ವಾಣಿ ಆಕೆಯ ಕಡೆ ತಿರುಗಿ ಕೂತಳು. "ಹಿಂದೆ ಎದೆಯ ಕಾಯಿಲೆ ಏನಾದರೂ ಆಗಿತ್ತಾ?"

"ಹೂಂ ಯವ್ವಾ. ಹದಿನೆಂಟು ವರ್ಷದ ಹಿಂದ ಟಿಬಿ ಆಗಿತ್ತು. ಗುಳಿಗಿ ನುಂಗಿ ಆರಾಮಾದೆ. ಆವಾಗಿನ ಫೋಟೋ ಇಲ್ಲೇ ಐತಿ."

ನೋಡಿದಿರಾ? ಒಂದೇ ಒಂದು ಪ್ರಶ್ನೆ! ಇಷ್ಟೇ ಕೇಳಬೇಕಾಗಿತ್ತು.

ಒಳಗೆ ಕರೆದುಕೊಂಡು ಹೋದಳು. ಹೊಸ ಎಕ್ಸ್‌ರೇ ತೆಗೆಸಿದಳು, ಕಫ ಪರೀಕ್ಷೆ ಮಾಡಿಸಿದಳು. ಕಫದಲ್ಲಿ ರೋಗದ ಸುಳಿವಿಲ್ಲ. ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ದೀಪದ ಹಲಗೆಗೆ ಸಿಕ್ಕಿಸಿದಾಗ ಕಂಡದ್ದು ಅದೇ ಕಲೆ, ಅದೇ ಜಾಗ. ಹದಿನೆಂಟು ವರ್ಷದಲ್ಲಿ ಎಳ್ಳಷ್ಟೂ ಬೆಳೆದಿರಲಿಲ್ಲ. "ಗಡ್ಡೆ ಅಲ್ಲಮ್ಮ. ವಾಸಿಯಾದ ಗಾಯದ ಗುರುತು, ಅಷ್ಟೇ. ನಿಮ್ಮಿಂದ ಯಾರಿಗೂ ಏನೂ ಹತ್ತೋದಿಲ್ಲ."

ಆಕೆ ಅಳುತ್ತಾಳೆ ಅಂದುಕೊಂಡಿದ್ದಳು ಶರ್ವಾಣಿ. ಆಕೆ ಅಳಲಿಲ್ಲ. ಹಲಗೆಯ ಹತ್ತಿರ ಬಂದು ಕೇಳಿದಳು, "ಇದು ನಂದಾ?"

"ನಿಮ್ಮದೇ. ಇದು ಹೃದಯ. ಇವೆರಡೂ ಉಸಿರಾಡುವ ಚೀಲಗಳು."

ಫಕೀರವ್ವ ಚಪ್ಪಲಿ ಬಿಟ್ಟಳು. ಕೈ ಮುಗಿದಳು. "ಯಪ್ಪಾ ದೇವರ... ಐವತ್ತಾರು ವರ್ಷ ನಿಂದರಲಾರದ ದುಡದೈತಿ. ನಾ ಮಲಗಿದಾಗೂ ದುಡದೈತಿ. ಒಂದಿನಾನೂ ಇದರ ಮಾರಿ ನೋಡಿದ್ದಿಲ್ಲ ನಾ!"

ಶರ್ವಾಣಿಯೂ ನೋಡಿದಳು. ಸಾವಿರ ಸಾವಿರ ಎದೆ ನೋಡಿದ್ದವಳು, ಎಲ್ಲದರಲ್ಲೂ ರೋಗ ಹುಡುಕಿದ್ದವಳು, ಅವತ್ತು ಮೊದಲ ಸಲ ಎದೆಯನ್ನು ನೋಡಿದಳು. ಹೂವಿನ ಎಸಳಿನ ನರದ ಹಾಗೆ ಹರಡಿದ ರಕ್ತನಾಳಗಳು. ಬೆಳ್ಳಗೆ ಬಾಗಿದ ಪಕ್ಕೆಲುಬುಗಳು. ನಡುವೆ ಒಂದು ಮುಷ್ಟಿಯಷ್ಟು ಜೀವ. ಇಂಥದ್ದನ್ನು ದಿನಕ್ಕೆ ನೂರು ತನ್ನ ಮುಂದೆ ತಂದಿಡುತ್ತಿದ್ದರಲ್ಲ! ತನಗೇ ಗೊತ್ತಿಲ್ಲದೆ ಅವಳೂ ಕೈ ಮುಗಿದಿದ್ದಳು.

ಹೊರಗೆ ಫಕೀರವ್ವನ ಮಗಳು ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಫಕೀರವ್ವ ಓಡಿಹೋಗಿ ಕೈ ಚಾಚಿದಳು. ಕೂಸು ಬಂತಾ? ಬರಲಿಲ್ಲ. ಗುರುತು ಸಿಗದೆ ತಾಯಿಯ ಕುತ್ತಿಗೆಗೆ ಮುಖ ಒತ್ತಿ ಚೀರಿತು. ನಾಲ್ಕು ತಿಂಗಳು, ತಾಯಂದಿರೇ, ಅದನ್ನು ಯಾವ ಆಸ್ಪತ್ರೆ ತಿರುಗಿ ಕೊಡುತ್ತದೆ? ಫಕೀರವ್ವ ಅಲ್ಲೇ ಕಟ್ಟೆಯ ಮೇಲೆ ಕೂತು ಕಾದಳು. ಬಹಳ ಹೊತ್ತಿನ ಮೇಲೆ ಕೂಸು ಇಳಿದು ಬಂದು, ಅಜ್ಜಿಯ ಒಂದು ಬೆರಳು ಹಿಡಿಯಿತು.

ಕಿಟಕಿಯಿಂದ ನೋಡುತ್ತಿದ್ದ ಶರ್ವಾಣಿ ಕೇಳಿದಳು, "ಸರ್, ನನ್ನ ವರದಿ ಬಂದ ದಿನವೇ ನೀವು ನನಗೆ ಫೋನ್ ಮಾಡಬಹುದಿತ್ತಲ್ಲ?"

"ಮಾಡಬೇಕಿತ್ತು," ಅಂದರು ನದಾಫ್. "ಪಟ್ಟಣದ ಡಾಕ್ಟರು, ಏನ್ ಅಂದಾರೋ ಅಂತ ಹಿಂಜರದೆ. ಈ ಪಾಪದಾಗ ನಂದೂ ಅರ್ಧ ಐತಿ."

ಈಗ ಅವಳು ಅನುಮಾನ ಬಂದರೆ ಬರೆಯುವ ಮುಂಚೆ ಆ ಊರಿನ ಡಾಕ್ಟರಿಗೆ ಫೋನ್ ಮಾಡುತ್ತಾಳೆ. ಫಕೀರವ್ವನಂಥ ರೋಗಿಗಳ ಜೊತೆ ತಾನೇ ಮಾತಾಡುತ್ತಾಳೆ.

ಇದು ಡಾಕ್ಟರ ಕಥೆ, ನಮಗೇನು ಅಂತೀರಾ? ಮಾಸ್ತರರೇ, ಮಗುವಿನ ಅಂಕಪಟ್ಟಿಯಲ್ಲಿ ನೀವು ಬರೆದ "ಗಮನ ಸಾಲದು" ಅನ್ನೋ ಮಾತು ಮನೆಯಲ್ಲಿ ಯಾರ ಬೆನ್ನಿನ ಮೇಲೆ ಬಿತ್ತು, ಕೇಳಿದಿರಾ? ಪಂಚಾಯ್ತಿ ಕಚೇರಿಯಲ್ಲಿ ಕೂತವರೇ, ನೀವು ವಾಪಸು ಕಳಿಸಿದ ಅರ್ಜಿಯ ಅಜ್ಜ ಎಷ್ಟು ಮೈಲಿ ನಡೆದು ಬಂದಿದ್ದ? ತಪ್ಪಿಲ್ಲದೆ ಬರೆದೆ, ನನ್ನ ಕೆಲಸ ಮುಗೀತು ಅಂತೀರಿ. ಮುಗಿಯೋದಿಲ್ಲ! ಆ ಮಾತು ಹೋಗಿ ಒಬ್ಬ ಮನುಷ್ಯನನ್ನು ಮುಟ್ಟುತ್ತದೆ, ಅಲ್ಲಿಂದ ಶುರುವಾಗುತ್ತದೆ. ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗ್ತೀರಲ್ಲ, ನಿಮ್ಮ ಮುಂದೆ ಬಂದ ಮೊದಲನೆಯವರನ್ನು ಕೂರಿಸಿ. ಮುಖ ನೋಡಿ. ಒಂದು ಪ್ರಶ್ನೆ ಕೇಳಿ. ಉತ್ತರ ಮುಗಿಯುವತನಕ ಪೆನ್ನು ಮುಟ್ಟಬೇಡಿ.