ಬಸವಪ್ರಸಾದ್ ಜೋಡಿಸಿದ ಎರಡು ಭಾಷೆಗಳು

ಕಟ್ಟೆಮಳಲವಾಡಿಯ ಹಿರಿಯರಿಗೆ, ಬಸವಪ್ರಸಾದ್ ಅವರ ತಂದೆ ಕಂಠಪ್ಪನವರಿಗೆ, ಪತ್ನಿ ಭಾವನಾ ಅವರಿಗೆ — ನಮಸ್ಕಾರ. ಹೊಗೆಸೊಪ್ಪು ಬೇಯಿಸುವ ಕಾಲ, ಆದರೂ ಬಸವಪ್ರಸಾದ್ ಅವರ ಈ ಶ್ರದ್ಧಾಂಜಲಿ ಸಭೆಗೆ ಬಂದಿದ್ದೀರಿ. ನಾನು ಮಾದೇಶ, ಹುಣಸೂರಿನಲ್ಲಿ ಅವರ ಜೊತೆ ಕೆಲಸ ಮಾಡಿದವನು. ಇಂದು ನಾನು ಹೇಳಬೇಕಾದದ್ದು ದುಃಖದ ಮಾತು ಮಾತ್ರ ಅಲ್ಲ.

ಸೊಪ್ಪು ಬೇಯಿಸುವ ನಿಮ್ಮ ಬ್ಯಾರನ್ನಿನಲ್ಲಿ ಬಿಸಿ ಮಿತಿ ಮೀರಿದರೆ ಫೋನು ಕೂಗುತ್ತದಲ್ಲ, ಆ ಆ್ಯಪ್ ನಾವಿಬ್ಬರೂ ಬರೆದದ್ದು. ಪರದೆಯ ಮೇಲೆ ತೋರಿಸುವುದು, ಕೂಗುವುದು ನನ್ನ ಪಾಲು; ಅದು ಡಾರ್ಟ್ ಎಂಬ ಕಂಪ್ಯೂಟರ್ ಭಾಷೆ. ಬ್ಯಾರನ್ನಿನ ಯಂತ್ರದಿಂದ ಬಿಸಿಯ ಲೆಕ್ಕ ತರುವುದು ಅವರ ಪಾಲು, ಅದು ಕಾಟ್ಲಿನ್ ಎಂಬ ಇನ್ನೊಂದು ಭಾಷೆ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ನಡುವೆ ಸೇತುವೆ ಕಟ್ಟಿದ್ದು ಅವರೊಬ್ಬರೇ.

‘ಅವರು’ ಎನ್ನಲು ನಾಲಿಗೆ ಹೊರಳುತ್ತಿಲ್ಲ. ‘ಅವನು’ ಎನ್ನುತ್ತೇನೆ, ಕ್ಷಮಿಸಿ.

ಒಮ್ಮೆ ನನ್ನನ್ನು ಖಾಲಿ ಬ್ಯಾರನ್ನಿನೊಳಗೆ ನಿಲ್ಲಿಸಿ, ತಾನು ಹೊರಗಿನಿಂದ ಹೀಗೆ — ಗೋಡೆಗೆ ಕೈ ಆನಿಸಿ — ಕೂಗಿದ.

"ಇದ್ದೀಯೇನ್ಲಾ?"

"ಇದ್ದೀನಿ ಕಣ್ಲಾ."

"ಎರಡು ಭಾಷೆನೂ ಇಂಗೇ ಕೇಳ್ತಾ ಇರ್ಬೇಕು. ಉತ್ರ ಬರ್ನಿಲ್ವಾ, ಆ ಕಡೆಯೋನು ನಿದ್ದೆ ಒಡೀತಾವ್ನೆ ಅಂತ."

ನಾನು ಬೇಕೆಂದೇ ಸುಮ್ಮನಾದೆ.

"ಲೇ, ಸೊಪ್ಪಿಲ್ದೆ ನೀನೇ ಬೆಂದೋದ್ಯೇನ್ಲಾ?"

ಹಾಗೆ ಬರೆದವನು — ಹೃದಯಾಘಾತದಲ್ಲಿ ಹೋಗಿಬಿಟ್ಟ. ಅದೇ ವಾರ ಫೋನುಗಳಿಗೆ ಹೊಸ ಅಪ್‌ಡೇಟ್ ಬಂತು; ಸೇತುವೆ ಕೆಟ್ಟದ್ದು ಅದರಿಂದಲೇ ಇರಬೇಕು. ಮೊನ್ನೆ ಸಾಕಮ್ಮನವರ ಬ್ಯಾರನ್ನಿನಲ್ಲಿ ಸೊಪ್ಪು ಕಟ್ಟಿದ ಕಡ್ಡಿ ಕಾದ ಕೊಳವೆಯ ಮೇಲೆ ಬಿದ್ದು ಹೊತ್ತಿಕೊಂಡಿತು. ಬಿಸಿ ಏರಿದ್ದು ಅವನ ಭಾಗಕ್ಕೆ ಗೊತ್ತಾಗಿದೆ. ನನ್ನ ಭಾಗಕ್ಕೆ ತಲುಪಿಲ್ಲ. ಫೋನು ಕೂಗಲಿಲ್ಲ.

"ಸೀದ ವಾಸ್ನೆ ಬಂತು ಕಣಪ್ಪ, ಓಡೋದೆ. ನೆಗಡಿಯಾಗಿದ್ರೆ ಮನೇನೂ ಓಗ್ತಿತ್ತು" ಎಂದರು ಸಾಕಮ್ಮನವರು.

ಅಂದಿನಿಂದ ಆ ಸೇತುವೆಯನ್ನು ಬಿಚ್ಚಿ ನೋಡುತ್ತಿದ್ದೇನೆ. ಅರ್ಥವಾಗುತ್ತಿಲ್ಲ. ತಿಳಿದವರೊಬ್ಬರು ಮೈಸೂರಿನಿಂದ ಬರುವುದು ಸೋಮವಾರ. ನನಗೆ ಭಯವಾಗುತ್ತಿದೆ. ನಿಮ್ಮ ಫೋನುಗಳೆಲ್ಲ ಈಗ ಸುಮ್ಮನಿವೆ — ಬ್ಯಾರನ್ ಸರಿಯಿದೆ ಎಂದೋ, ಹೊತ್ತಿಕೊಂಡರೂ ಹೇಳಲಾರದೆಯೋ — ಇಲ್ಲಿ ನಿಂತು ನನಗೆ ತಿಳಿಯುತ್ತಿಲ್ಲ.

ಇದನ್ನು ಇಂದು ಹೇಳಬಹುದೇ ಎಂದು ಕಂಠಪ್ಪನವರನ್ನು ಕೇಳಿದೆ. "ಏಳ್ಬುಡು. ನನ್ ಮಗನ್ನ ನಂಬ್ಕಂಡು ಯಾರೂ ಸುಟ್ಕೋಬಾರ್ದು" ಎಂದರು.

ದಯವಿಟ್ಟು ಆ್ಯಪನ್ನು ನಂಬಬೇಡಿ. ಸರಿಯಾಯಿತು ಎಂದು ನಾನೇ ಮನೆಗೆ ಬಂದು ಹೇಳುವವರೆಗೆ ಬ್ಯಾರನ್ ಬಳಿ ಒಬ್ಬರು ಇರಲಿ.

ಈಗ ಬಸವಪ್ರಸಾದನಿಗಾಗಿ ಮೌನವಾಗಿ ನಿಲ್ಲಬೇಕು. ಆದರೆ ಬ್ಯಾರನ್ನಿಗೆ ಬೆಂಕಿ ಹಾಕಿ, ಕಾಯಲು ಯಾರನ್ನೂ ಬಿಡದೆ ಬಂದವರಿದ್ದರೆ — ನೀವು ನಿಲ್ಲಬೇಡಿ. ಹೊರಡಿ, ಈಗಲೇ. ಅವನು ಬೇಜಾರು ಮಾಡಿಕೊಳ್ಳುವವನಲ್ಲ.

ಅವರಿಗೆ ದಾರಿ ಬಿಡಿ. ಅವರು ಹೋದ ಮೇಲೆ, ಉಳಿದವರು ಎದ್ದು ನಿಲ್ಲೋಣ.